ತಾರೀಖು ಮತ್ತು ತಂಗಳು

ಬೇಸಗೆಯ ಒಂದು ಸಂಜೆ. ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಲ್ಲಿರುವ ನಮ್ಮ ಮನೆಯ ಜಗುಲಿಯಲ್ಲಿ ನಾನು ಪತ್ರಿಕೆ ಓದುತ್ತ ಕುಳಿತಿದ್ದೆ. ಒಳಗಿನಿಂದ ವಾಗ್ವಾದವೊಂದು ಕೇಳಿಬಂದಿತು. ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮೊಮ್ಮಗಳು ಬಿಸ್ಕತ್ತಿನ ಪೊಟ್ಟಣವೊಂದನ್ನು ಎತ್ತಿ ಹಿಡಿದು, “ಅಜ್ಜಿ, ಇದರ ಗಡುವು ಮುಗಿದು ಮೂರು ದಿನಗಳಾದವು. ಇದನ್ನು ಎಸೆಯಲೇಬೇಕು” ಎನ್ನುತ್ತಿದ್ದಳು. “ಮೊನ್ನೆಯವರೆಗೆ ಚೆನ್ನಾಗಿದ್ದ ಬಿಸ್ಕತ್ತು ಇಂದು ವಿಷವಾಯಿತೆ? ತಿನ್ನುವ ವಸ್ತುವನ್ನು ಎಸೆಯುವುದು ಪಾಪ” ಎಂದು ನನ್ನ ಮಡದಿ ವಾದಿಸುತ್ತಿದ್ದಳು. ಊರಿನಿಂದ ಬಂದಿದ್ದ ನೆಂಟರೊಬ್ಬರು ಇಬ್ಬರನ್ನೂ ಸಮಾಧಾನಪಡಿಸುವವರಂತೆ, “ಎಸೆಯುವುದೇಕೆ? ನಾಳೆ ಪಾತ್ರೆ ತೊಳೆಯುವವಳು ಬಂದಾಗ ಕೊಟ್ಟುಬಿಡಿ. ಅವಳ ಮಕ್ಕಳು ತಿಂದುಕೊಳ್ಳುತ್ತವೆ” ಎಂದರು.

ಮೂರು ಅಭಿಪ್ರಾಯಗಳೂ ತೀರ್ಪಿಗಾಗಿ ನನ್ನ ಮುಂದೆ ಬಂದವು. ನಾನು ಒಳಗೆ ಹೋದಾಗ ಕಂಡ ನೋಟವೇ ಬೇರೆಯಾಗಿತ್ತು. ಬಿಸ್ಕತ್ತಿನ ಬಗೆಗೆ ಇಷ್ಟು ಚರ್ಚೆ ನಡೆಸಿದವರು ತಿನ್ನಲೆಂದು ತಟ್ಟೆಗಳಿಗೆ ಬಡಿಸಿಕೊಂಡಿದ್ದದ್ದು ಚಿತ್ರಾನ್ನವನ್ನು. ಅದು ಬೆಳಗಿನ ಏಳು ಗಂಟೆಗೆ ಕಲಸಿದ್ದು. ಹಗಲೆಲ್ಲ ಮುಚ್ಚಿದ ಪಾತ್ರೆಯಲ್ಲಿ, ಒಲೆಯ ಪಕ್ಕದ ಕಟ್ಟೆಯ ಮೇಲೆ ಇದ್ದದ್ದು. ಬಿಸಿಲಿನ ತಾಪ ನಲವತ್ತು ಡಿಗ್ರಿಯ ಸಮೀಪಕ್ಕೆ ಏರಿದ್ದ ದಿನ ಅದು. ಚಿತ್ರಾನ್ನದ ಮೇಲೆ ಯಾವ ತಾರೀಖೂ ಇರಲಿಲ್ಲ. ಆದುದರಿಂದ ಯಾರೂ ಅದನ್ನು ಪ್ರಶ್ನಿಸಿರಲಿಲ್ಲ!

ಪ್ರಸಂಗ ಸಣ್ಣದು. ಆದರೆ ಇಂದು ಮನೆಮನೆಯಲ್ಲಿಯೂ ನಡೆಯುತ್ತಿರುವ ಪ್ರಸಂಗ ಇದು. ಅಚ್ಚಾದ ತಾರೀಖನ್ನು ಕಂಡರೆ ನಾವು ಹೆದರುತ್ತೇವೆ. ಅಚ್ಚಾಗದ ಅಪಾಯವನ್ನು ಕಾಣುವುದೇ ಇಲ್ಲ. ಗಡುವು ಮೀರಿದ ಆಹಾರವನ್ನು ತಿನ್ನಬೇಕೆ, ಬಿಡಬೇಕೆ ಎಂಬ ಪ್ರಶ್ನೆಗೆ ತಾರೀಖು ಅರ್ಧ ಉತ್ತರವನ್ನು ಮಾತ್ರ ಕೊಡಬಲ್ಲದು. ಉಳಿದರ್ಧವನ್ನು ನಮ್ಮ ತಿಳಿವಳಿಕೆ ಕೊಡಬೇಕು.

ನನ್ನ ಬಾಲ್ಯದಲ್ಲಿ ಆಹಾರಕ್ಕೆ ತಾರೀಖು ಎಂಬುದು ಇರಲಿಲ್ಲ. ನಮ್ಮ ಸೀಮೆಯ ರೈತರು ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುತ್ತಿದ್ದರು. ವರ್ಷಗಳ ಅನಂತರ ತೆರೆದರೂ ಅದು ಊಟಕ್ಕೆ ಒದಗುತ್ತಿತ್ತು. ಒಣಗಿಸಿದ ಖಡಕ್ ರೊಟ್ಟಿ ವಾರಗಟ್ಟಲೆ ಬಾಳುತ್ತಿತ್ತು. ಉಪ್ಪಿನಕಾಯಿಯ ಜಾಡಿ ಯುಗಾದಿಯಿಂದ ಯುಗಾದಿಗೆ ಸಾಗುತ್ತಿತ್ತು. ಮಂಡಕ್ಕಿ ಮೆತ್ತಗಾದರೆ ಬಾಣಲೆಯಲ್ಲಿ ಬೆಚ್ಚಗೆ ಮಾಡಿ ಒಗ್ಗರಣೆ ಹಾಕುತ್ತಿದ್ದರು. ಇವೆಲ್ಲ ಕೆಡದೆ ಉಳಿಯುತ್ತಿದ್ದುದು ಪವಾಡದಿಂದಲ್ಲ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಬೆಳೆಯಲು ನೀರಿನ ಅಂಶ ಬೇಕು. ಒಣಗಿದ ಪದಾರ್ಥದಲ್ಲಿ ಅವುಗಳಿಗೆ ನೀರಿಲ್ಲ; ಉಪ್ಪು, ಹುಳಿ, ಎಣ್ಣೆಗಳ ನಡುವೆ ಅವುಗಳಿಗೆ ನೆಲೆಯಿಲ್ಲ. ಶಾಸ್ತ್ರವನ್ನು ಓದದಿದ್ದರೂ ನಮ್ಮ ಹಿರಿಯರು ಈ ತತ್ತ್ವವನ್ನು ಅನುಭವದಿಂದ ಅರಿತಿದ್ದರು. ಬೇಯಿಸಿ ಹೊತ್ತು ಕಳೆದ ಅನ್ನದ ವಿಷಯದಲ್ಲಿಯಾದರೋ ಎಚ್ಚರಿಕೆಯ ಮಾತೂ ಪ್ರಾಚೀನವಾದುದೇ. ಭಗವದ್ಗೀತೆಯ ಹದಿನೇಳನೆಯ ಅಧ್ಯಾಯವು ಅಂತಹ ಆಹಾರವನ್ನು ತಾಮಸರಿಗೆ ಪ್ರಿಯವಾದುದರ ಸಾಲಿಗೆ ಸೇರಿಸಿದೆ.

ಅಂದು ಧಾನ್ಯ ಬೆಳೆದವನು, ಹಿಟ್ಟು ಬೀಸಿದವಳು, ರೊಟ್ಟಿ ತಟ್ಟಿದವಳು ಎಲ್ಲರೂ ಕಣ್ಣೆದುರಿಗೆ ಇದ್ದರು. ಇಂದು ಪೊಟ್ಟಣವನ್ನು ಯಾವ ಊರಿನಲ್ಲಿ, ಯಾರು, ಎಂದು ತುಂಬಿದರೆಂಬುದು ನಮಗೆ ತಿಳಿಯದು. ಆ ಅಪರಿಚಿತನು ನಮಗೆ ಕೊಡುವ ಮಾತೇ ತಾರೀಖು. ಆ ಮಾತಿಗೆ ಕಾನೂನಿನ ಕಾವಲು ಇರುವುದು ನ್ಯಾಯ. ನಮ್ಮ ದೇಶದಲ್ಲಿ ಆಹಾರ ಕಲಬೆರಕೆ ತಡೆ ಕಾಯಿದೆ 1954ರಲ್ಲಿ ಬಂದಿತು. ಮುಂದೆ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ 2006ರಲ್ಲಿ ಅಂಗೀಕಾರವಾಯಿತು. ಅದರ ಅಡಿಯಲ್ಲಿ 2020ರಲ್ಲಿ ರೂಪಿಸಿದ ನಿಯಮಗಳು, ಪೊಟ್ಟಣದ ಮೇಲೆ ತಯಾರಿಸಿದ ಅಥವಾ ತುಂಬಿದ ದಿನವನ್ನೂ ಅವಧಿ ಮುಗಿಯುವ ದಿನವನ್ನೂ ನಮೂದಿಸಬೇಕೆಂದು ವಿಧಿಸಿವೆ. ಅವಧಿ ಮುಗಿದುದನ್ನು ಅಂಗಡಿಯವನು ಮಾರುವಂತಿಲ್ಲ. ಮಾರಿದರೆ ಅದು ತಪ್ಪು. ಕೊಂಡವನು ಅದನ್ನು ಹಿಂದಿರುಗಿಸುವುದು ಜಿಪುಣತನವಲ್ಲ, ಅದು ಅವನ ಹಕ್ಕು.

ಹಾಗಾದರೆ ತಾರೀಖು ಹೇಳುವುದಾದರೂ ಏನನ್ನು? ಇಲ್ಲಿಯೇ ಬಹುಮಂದಿ ಎಡವುತ್ತಾರೆ. ಪೊಟ್ಟಣದ ಮೇಲೆ ಎರಡು ಬಗೆಯ ದಿನಗಳು ಕಾಣಬಹುದು. “ಬೆಸ್ಟ್ ಬಿಫೋರ್” ಎಂಬುದು ಗುಣದ ಮಾತು: ಆ ದಿನದವರೆಗೆ ರುಚಿ, ಪರಿಮಳ, ಗರಿಗರಿತನಗಳು ತಯಾರಕನು ಬಯಸಿದಂತೆಯೇ ಇರುತ್ತವೆ, ಆಮೇಲೆ ಕುಂದಬಹುದು. “ಯೂಸ್ ಬೈ” ಅಥವಾ “ಎಕ್ಸ್‌ಪೈರಿ” ಎಂಬುದು ಸುರಕ್ಷತೆಯ ಮಾತು: ಆ ದಿನದ ಅನಂತರ ಆಹಾರವು ನಿರಪಾಯವಾಗಿರುತ್ತದೆಂಬ ಭರವಸೆ ಇಲ್ಲ. ಮೊದಲನೆಯದನ್ನು ಮುದ್ರಿಸುವುದು ತಯಾರಕನ ಇಚ್ಛೆ, ಎರಡನೆಯದು ಕಡ್ಡಾಯ. ಒಂದು ಸಲಹೆ, ಮತ್ತೊಂದು ಎಚ್ಚರಿಕೆ. ಎರಡನ್ನೂ ಒಂದೇ ಎಂದು ಭಾವಿಸಿದವನು ಒಳ್ಳೆಯದನ್ನು ಎಸೆಯುತ್ತಾನೆ, ಇಲ್ಲವೆ ಕೆಟ್ಟುದನ್ನು ತಿನ್ನುತ್ತಾನೆ.

ಇನ್ನೊಂದು ಸೂಕ್ಷ್ಮವಿದೆ. ತಾರೀಖು ಪೊಟ್ಟಣವನ್ನು ಒಡೆಯುವ ತನಕ, ಅದರ ಮೇಲೆ ಬರೆದಂತೆ ಇರಿಸಿದಾಗ ಮಾತ್ರ ಸಲ್ಲುತ್ತದೆ. ತಣ್ಣಗೆ ಇಡಬೇಕಾದ ಹಾಲಿನ ಪೊಟ್ಟಣವು ಮಧ್ಯಾಹ್ನದವರೆಗೆ ಕಟ್ಟೆಯ ಮೇಲೆ ಬಿದ್ದಿದ್ದರೆ, ಅದರ ಮೇಲಿನ ದಿನ ಇನ್ನೂ ಮುಂದಿದ್ದರೂ ಒಳಗಿನ ಹಾಲು ಆ ದಿನಕ್ಕಾಗಿ ಕಾಯುವುದಿಲ್ಲ. ಉಪ್ಪು, ಸಕ್ಕರೆ, ವಿನೆಗರ್‌ಗಳ ಸಂಗತಿ ಇದಕ್ಕೆ ವಿರುದ್ಧವಾದುದು. ಅವಕ್ಕೆ ಇಂತಹ ತಾರೀಖು ಅಗತ್ಯವಿಲ್ಲವೆಂದು, 1963ರಲ್ಲಿ ಸ್ಥಾಪಿತವಾದ ಅಂತಾರಾಷ್ಟ್ರೀಯ ಆಹಾರ ಮಾನದಂಡ ಸಂಸ್ಥೆಯಾದ ಕೋಡೆಕ್ಸ್ ಒಪ್ಪಿಕೊಂಡಿದೆ. ಕಾಲವು ಎಲ್ಲ ಪದಾರ್ಥಗಳನ್ನೂ ಒಂದೇ ವೇಗದಲ್ಲಿ ಕೆಡಿಸುವುದಿಲ್ಲ.

“ಕಣ್ಣಿನಿಂದ ನೋಡಿ, ಮೂಗಿನಿಂದ ಮೂಸಿದರೆ ತಿಳಿಯುವುದಿಲ್ಲವೆ? ತಾರೀಖು ಏಕೆ ಬೇಕು?” ಎಂದು ಕೇಳುವವರಿದ್ದಾರೆ. ನಾನೂ ಒಮ್ಮೆ ಹಾಗೆಯೇ ನಂಬಿದ್ದೆ. ಆ ನಂಬಿಕೆಗೆ ತೆತ್ತ ಬೆಲೆಯನ್ನು ಇಲ್ಲಿ ಹೇಳಬೇಕು.

1989ರ ಫೆಬ್ರವರಿ ತಿಂಗಳು. ನಾನಾಗ ಪ್ರೌಢಶಾಲೆಯೊಂದರಲ್ಲಿ ಕನ್ನಡ ಅಧ್ಯಾಪಕನಾಗಿದ್ದೆ. ಮಕ್ಕಳನ್ನು ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಗೆ ಪ್ರವಾಸ ಕರೆದೊಯ್ದಿದ್ದೆವು. ಬೆಳಗಿನ ಐದು ಗಂಟೆಗೆ ಮಾಡಿದ ಚಿತ್ರಾನ್ನವನ್ನು ಬಿಸಿಬಿಸಿಯಾಗಿಯೇ ದೊಡ್ಡ ಪಾತ್ರೆಗಳಿಗೆ ಒತ್ತಿ ತುಂಬಿ, ಬಿಗಿಯಾಗಿ ಮುಚ್ಚಿ ಬಸ್ಸಿಗೆ ಏರಿಸಿದ್ದೆವು. ಕೆರೆಯ ಏರಿಯ ಮೇಲೆ ಪಾತ್ರೆಗಳನ್ನು ತೆರೆದಾಗ ನಡುಹಗಲಾಗಿತ್ತು. ಅಡುಗೆಯವನು ಅನುಮಾನದಿಂದ ನನ್ನ ಮುಖ ನೋಡಿದ. ನಾನು ಒಂದು ತುತ್ತನ್ನು ಮೂಸಿ, ತಿಂದು, “ಏನೂ ಆಗಿಲ್ಲ, ಬಡಿಸಿ” ಎಂದೆ. ಅದರಲ್ಲಿ ವಾಸನೆ ಇರಲಿಲ್ಲ, ಹುಳಿಯೂ ಬಂದಿರಲಿಲ್ಲ. ಹಿಂದಿರುಗುವ ದಾರಿಯಲ್ಲಿ ಹನ್ನೊಂದು ಮಕ್ಕಳು ವಾಂತಿ ಮಾಡಿಕೊಂಡರು. ಒಬ್ಬ ಹುಡುಗ ನಿತ್ರಾಣನಾಗಿ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದ. ರಾತ್ರಿಯೆಲ್ಲ ಆಸ್ಪತ್ರೆಯ ಮೊಗಸಾಲೆಯಲ್ಲಿ ಅವನ ತಾಯಿಯ ಎದುರು ಕುಳಿತಿದ್ದೆ. ಆಕೆ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಆ ಮೌನವನ್ನು ನಾನು ಇಂದಿಗೂ ಮರೆತಿಲ್ಲ. ಮಕ್ಕಳೆಲ್ಲ ಗುಣಮುಖರಾದುದು ನನ್ನ ಪುಣ್ಯವೆಂದೇ ಹೇಳಬೇಕು.

ಅದರ ಕಾರಣವನ್ನು ವೈದ್ಯರು ಮರುದಿನ ವಿವರಿಸಿದರು. ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿಯ ಬೀಜಕಣಗಳು ಇರಬಹುದು. ಅವು ಕುದಿಯುವ ನೀರಿನಲ್ಲಿಯೂ ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗಾದಾಗ ಎಚ್ಚೆತ್ತು ಬೆಳೆಯುತ್ತವೆ. 5 ರಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗಿನ ಉಷ್ಣತೆ ಇಂತಹ ಜೀವಿಗಳಿಗೆ ಅನುಕೂಲವಾದುದು. ಪರಿಸ್ಥಿತಿ ಒದಗಿದರೆ ಕೆಲವು ಜೀವಿಗಳು 20 ನಿಮಿಷಗಳಲ್ಲಿ ಇಮ್ಮಡಿಯಾಗಬಲ್ಲವು. ಒಂದು ಎರಡಾಗಿ, ಎರಡು ನಾಲ್ಕಾಗಿ ಏಳು ಗಂಟೆಗಳಲ್ಲಿ ಎಷ್ಟಾದೀತು? ನೀವೇ ಲೆಕ್ಕ ಹಾಕಿ ನೋಡಿ. ಇಪ್ಪತ್ತು ಲಕ್ಷವನ್ನು ದಾಟುತ್ತದೆ. ಅವು ಉಗುಳುವ ವಾಂತಿಕಾರಕ ವಿಷವು ಅನ್ನವನ್ನು ಮತ್ತೆ ಬಿಸಿ ಮಾಡಿದರೂ ನಾಶವಾಗದು. ಆಹಾರಕ್ಕೆ ಕೆಟ್ಟ ವಾಸನೆ ತರುವ ಜೀವಿಗಳೇ ಬೇರೆ, ಮನುಷ್ಯನನ್ನು ಕೆಡವುವ ಜೀವಿಗಳೇ ಬೇರೆ. ಮೂಗು ಒಳ್ಳೆಯ ಸೇವಕ. ಆದರೆ ಅದು ಎಲ್ಲವನ್ನೂ ಬಲ್ಲ ನ್ಯಾಯಾಧೀಶನಲ್ಲ.

ಬಿಸಿ ಮಾಡಿದರೆ ಎಲ್ಲವೂ ಸರಿಹೋಗುತ್ತದೆಂಬ ನಂಬಿಕೆಯನ್ನು ಸುಳ್ಳುಮಾಡುವ ಇನ್ನೊಂದು ಉದಾಹರಣೆ ನಮ್ಮ ಜಿಲ್ಲೆಯವರು ತಿಳಿದಿರಬೇಕಾದುದು. ದಾವಣಗೆರೆಯ ಸುತ್ತ ಮೆಕ್ಕೆಜೋಳ ಹೇರಳವಾಗಿ ಬೆಳೆಯುತ್ತದೆ. ಮೆಕ್ಕೆಜೋಳ, ಶೇಂಗಾಗಳು ಒದ್ದೆಯಾಗಿ ಬೂಷ್ಟು ಹಿಡಿದರೆ ಅವುಗಳಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಸೇರಬಹುದು. 1974ರಲ್ಲಿ ರಾಜಸ್ಥಾನ, ಗುಜರಾತುಗಳ ಹಳ್ಳಿಗಳಲ್ಲಿ ಮಳೆಗೆ ನೆನೆದು ಬೂಷ್ಟು ಬಂದ ಮೆಕ್ಕೆಜೋಳವನ್ನು ತಿಂದು ನೂರಕ್ಕೂ ಹೆಚ್ಚು ಜನ ಯಕೃತ್ತಿನ ರೋಗದಿಂದ ಮಡಿದರು. ಅವರು ಆ ಕಾಳನ್ನು ಹಸಿಯಾಗಿ ತಿಂದವರಲ್ಲ, ಬೇಯಿಸಿಯೇ ತಿಂದವರು. ಬಡತನವು ಅವರಿಗೆ ಬೇರೆ ದಾರಿಯನ್ನು ಉಳಿಸಿರಲಿಲ್ಲ. ಬೂಷ್ಟು ಹಿಡಿದ ಕಾಳನ್ನು ಒರೆಸಿ, ಹುರಿದು ಡಬ್ಬಿ ತುಂಬುವವರು ಇದನ್ನು ನೆನೆಯಬೇಕು.

ಹೀಗೆಂದ ಮಾತ್ರಕ್ಕೆ ತಾರೀಖು ದಾಟಿದ ಕ್ಷಣವೇ ಎಲ್ಲವನ್ನೂ ತಿಪ್ಪೆಗೆ ಸುರಿಯಬೇಕೆಂದು ನನ್ನ ಅಭಿಪ್ರಾಯವಲ್ಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2024ರಲ್ಲಿ ಪ್ರಕಟಿಸಿದ ವರದಿಯಂತೆ, 2022ರಲ್ಲಿ ಜಗತ್ತಿನಲ್ಲಿ ಸುಮಾರು 105 ಕೋಟಿ ಟನ್ ಆಹಾರ ವ್ಯರ್ಥವಾಯಿತು. ಅದರಲ್ಲಿ ನೂರಕ್ಕೆ ಅರವತ್ತು ಭಾಗ ವ್ಯರ್ಥವಾದುದು ಹೋಟೆಲುಗಳಲ್ಲಿಯೂ ಅಲ್ಲ, ಅಂಗಡಿಗಳಲ್ಲಿಯೂ ಅಲ್ಲ; ಮನೆಗಳಲ್ಲಿ. ಹಸಿದವರಿರುವ ಜಗತ್ತಿನಲ್ಲಿ ಇದು ಲಜ್ಜೆಯ ಸಂಗತಿ. ಒಂದು ಹಿಡಿ ಅಕ್ಕಿಯ ಹಿಂದೆ ಭದ್ರಾ ಕಾಲುವೆಯ ನೀರಿದೆ, ರೈತನ ಬೆವರಿದೆ, ನಾಟಿ ಮಾಡಿದವಳ ಬೆನ್ನುನೋವಿದೆ. ಅದನ್ನು ಭಯದಿಂದ ಎಸೆಯುವುದೂ ಅಜ್ಞಾನವೇ. ಲೋಭದಿಂದ ತಿನ್ನುವುದೂ ಅಜ್ಞಾನವೇ.

ಹಾಗಾದರೆ ಮಾಡಬೇಕಾದುದೇನು? ಬಿಸ್ಕತ್ತು, ರವೆ, ಬೇಳೆಗಳಂತಹ ಒಣ ಪದಾರ್ಥಗಳ “ಬೆಸ್ಟ್ ಬಿಫೋರ್” ದಿನ ಕಳೆದಿದ್ದರೆ, ಪೊಟ್ಟಣ ಒಡೆಯದೆ, ಹುಳು, ಬೂಷ್ಟು, ಕಮಟು ಇಲ್ಲದೆ ಇದ್ದರೆ, ವಿವೇಚನೆಗೆ ಅವಕಾಶವಿದೆ. ಹಾಲು, ಪನೀರು, ಮಾಂಸ, ಮೀನುಗಳ ಅವಧಿ ಮುಗಿದಿದ್ದರೆ ವಾದ ಬೇಡ. ಉಬ್ಬಿದ ಡಬ್ಬಿಯನ್ನು ರುಚಿ ನೋಡಲೂ ಬಾರದು. ಹಸುಗೂಸುಗಳ ಆಹಾರ ಮತ್ತು ಔಷಧಗಳಲ್ಲಿ ತಾರೀಖೇ ಕೊನೆಯ ಮಾತು. ಬೇಯಿಸಿದ ಅನ್ನವನ್ನು ಎರಡು ಗಂಟೆಗಳ ಒಳಗೆ ಉಣ್ಣಬೇಕು, ಇಲ್ಲವೆ ತಂಪಿನಲ್ಲಿ ಇರಿಸಬೇಕು. ಎಲ್ಲಕ್ಕಿಂತ ಮಿಗಿಲಾದುದು ಬೇಕಾದಷ್ಟನ್ನೇ ಕೊಂಡು, ಉಣ್ಣುವಷ್ಟನ್ನೇ ಬೇಯಿಸುವುದು. ಹಾಗೆ ಮಾಡುವ ಮನೆಯಲ್ಲಿ ಈ ಪ್ರಶ್ನೆಯೇ ಅಪರೂಪವಾಗುತ್ತದೆ.

ಇನ್ನು ನಮ್ಮ ನೆಂಟರ ಸಲಹೆ. ಅದು ಮೇಲುನೋಟಕ್ಕೆ ದಾನದಂತೆ ತೋರುತ್ತದೆ. ನಮಗೆ ಸಲ್ಲದೆಂದು ನಿರ್ಧರಿಸಿದ ಪದಾರ್ಥ ಇನ್ನೊಬ್ಬರ ಮಕ್ಕಳಿಗೆ ಸಲ್ಲುವುದು ಹೇಗೆ? ಸೂಕ್ಷ್ಮಜೀವಿಗಳಿಗೆ ಬಡವ ಬಲ್ಲಿದನೆಂಬ ಭೇದವಿಲ್ಲ. ಭೇದವಿರುವುದು ವೈದ್ಯರಿಗೆ ಕೊಡುವ ಹಣದಲ್ಲಿ. ಕೂಲಿಯಿಂದ ಬದುಕುವ ಮನೆಯಲ್ಲಿ ಮಗುವೊಂದು ಮಲಗಿದರೆ ತಾಯಿಯ ಎರಡು ದಿನದ ಸಂಪಾದನೆ ಹೋಗುತ್ತದೆ. ಒಳ್ಳೆಯದಾಗಿರುವಾಗಲೇ ಕೊಟ್ಟರೆ ಅದು ದಾನ; ಕೆಟ್ಟಿತೆಂಬ ಶಂಕೆಯಿಂದ ಕೊಟ್ಟರೆ ಅದು ಕಸವನ್ನು ಸಾಗಿಸಿದಂತೆ. ನಮ್ಮ ಮಕ್ಕಳ ತಟ್ಟೆಗೆ ಬಡಿಸಲು ಅಂಜುವುದನ್ನು ಪರರ ತಟ್ಟೆಗೆ ಬಡಿಸಬಾರದು. ತಿನ್ನಬೇಕೆ, ಬಿಡಬೇಕೆ ಎಂಬ ಸಂದೇಹಕ್ಕೆ ಇದಕ್ಕಿಂತ ಸರಳವಾದ ಒರೆಗಲ್ಲನ್ನು ನಾನು ಕಾಣೆ.

ಅಂದಿನ ಸಂಜೆ ನಾನು ಮೊದಲು ಚಿತ್ರಾನ್ನದ ತಟ್ಟೆಗಳನ್ನು ಎತ್ತಿಟ್ಟೆ. ಅನಂತರ ಕನ್ನಡಕ ಧರಿಸಿ ಪೊಟ್ಟಣವನ್ನು ಓದಿದೆ. ಮೊಮ್ಮಗಳು ನೋಡಿದ್ದು “ಬೆಸ್ಟ್ ಬಿಫೋರ್” ದಿನವನ್ನು. ಅದರ ಕೆಳಗೆ ಸಣ್ಣ ಅಕ್ಷರಗಳಲ್ಲಿದ್ದ ಅವಧಿಯ ದಿನಕ್ಕೆ ಇನ್ನೂ ಒಂದು ತಿಂಗಳು ಬಾಕಿಯಿತ್ತು. ಪೊಟ್ಟಣ ಒಡೆದು ಮೊದಲನೆಯ ಬಿಸ್ಕತ್ತನ್ನು ನಾನೇ ತಿಂದೆ. ಕೊಂಚ ಮೆತ್ತಗಾಗಿತ್ತು, ಅಷ್ಟೆ. ಉಳಿದವನ್ನು ಎಲ್ಲರೂ ಚಹದೊಡನೆ ಹಂಚಿಕೊಂಡೆವು. ಮಡದಿ ಮನಸ್ಸಿಲ್ಲದ ಮನಸ್ಸಿನಿಂದ ಚಿತ್ರಾನ್ನವನ್ನು ಹಿತ್ತಲಿನ ಗೊಬ್ಬರದ ಗುಂಡಿಗೆ ಹಾಕಿ ಬಂದಳು. ಮರುದಿನದಿಂದ ನಮ್ಮ ಮನೆಯಲ್ಲಿ ಅಕ್ಕಿ ಅಳೆಯುವ ಪಾವು ಅರ್ಧದಷ್ಟು ಕಡಿಮೆ ತುಂಬತೊಡಗಿತು.