ಎರಡು ಕಂಪ್ರೆಸರ್ ಕೂಡಿಸೋರೇ, ಮೊದಲು ಕೋಡಿ ನೋಡ್ಕಳಿ

ಕಬ್ಬಿನ ಕಟಾವು ಶುರುವಾದ್ರೆ ನಮ್ಮ ಅರಕೆರೆ ಸುತ್ತಮುತ್ತಲ ಪಂಚರ್ ಅಂಗಡಿ, ಟ್ರ್ಯಾಕ್ಟರ್ ಶೆಡ್‌ನೋರಿಗೆ ಕೈ ಬಿಡುವಿರಲ್ಲ. ಒಂದು ಕಂಪ್ರೆಸರ್ ಗಾಳಿ ಸಾಲದು ಅಂತ ಹಳೇದೊಂದು ತಂದು ಎರಡಕ್ಕೂ ಒಂದೇ ಪೈಪು ಕೂಡಿಸ್ತಾರೆ. ಕೂಡಿಸೋದು ತಪ್ಪಲ್ಲ, ಕೂಡಿಸೋ ರೀತಿ ನೋಡಿ ಎದೆ ಝಲ್ ಅಂತು. ಅದಕ್ಕೇ ಇಷ್ಟುದ್ದ ಬರೀತಿದ್ದೀನಿ, ಬೇಜಾರು ಮಾಡ್ಕಬೇಡಿ.

ಮೊನ್ನೆ ಟ್ರಾಲಿ ಚಕ್ರ ಬಿಚ್ಚಿಸೋಕೆ ಒಂದು ಶೆಡ್‌ಗೆ ಹೋಗಿದ್ದೆ. ಹಳೇ ಮಿಷಿನ್ನು 8 ಕೆಜಿದು, ಹೊಸದು 12 ಕೆಜಿದು. ಹಳೇದರ ಸೇಫ್ಟಿ ವಾಲ್ವ್ ಸುಯ್ ಅಂತ ಗಾಳಿ ಬಿಡ್ತಿತ್ತಂತೆ, ತಂತಿ ಸುತ್ತಿ ಬಿಗಿದುಬಿಟ್ಟಿದ್ರು! ಕೇಳಿದ್ರೆ, "ಎರಡು ಸೇರಿದ್ರೆ ಪ್ರೆಶರ್ ಡಬಲ್ ಅಲ್ವೇನಣ್ಣ, ಗಾಳಿ ಯಾಕೆ ವೇಸ್ಟ್ ಮಾಡೋದು" ಅಂದ. ಅದರ ಪಕ್ಕದಲ್ಲೇ ಮೀಸೆ ಮೂಡದ ಹುಡುಗ ಕೂತು ಟ್ಯೂಬಿಗೆ ಪ್ಯಾಚ್ ಹಾಕ್ತಿದ್ದ.

ನಾನು ಎಸ್ಸೆಸ್ಸೆಲ್ಸಿ ಪಾಸು, ಇಂಜಿನಿಯರ್ ಅಲ್ಲ. ಆದ್ರೂ ಒಂದು ಮಾತು ಕೇಳ್ತೀನಿ. ಗದ್ದೆಗೆ ಎರಡು ಕಡೆಯಿಂದ ನೀರು ಬಿಟ್ರೆ ಬೇಗ ತುಂಬುತ್ತೆ, ಬದು ಎತ್ತರ ಆಗುತ್ತಾ? ಇಲ್ಲೂ ಅಷ್ಟೇ. ಗಾಳಿ ಎರಡರಷ್ಟು ಬರುತ್ತೆ, ಪ್ರೆಶರ್ ಎರಡರಷ್ಟು ಆಗಲ್ಲ. ಬೋಲ್ಟ್ ಬಿಚ್ಚೋ ಗನ್ನಿಗೆ 6 ಕೆಜಿ ಸಾಕು, ಟ್ರ್ಯಾಕ್ಟರ್ ಹಿಂದಿನ ಚಕ್ರಕ್ಕೆ 2 ಕೆಜಿಯೂ ಬೇಡ. ಕಮ್ಮಿ ಬಿದ್ದಿದ್ದು ಗಾಳಿ, ಪ್ರೆಶರ್ ಅಲ್ಲ.

ಒಂದೇ ಪೈಪಿಗೆ ಕೊಟ್ರೆ ಹೊಸದರ 12 ಕೆಜಿ ಗಾಳಿ 8 ಕೆಜಿ ಟ್ಯಾಂಕಿಗೂ ನುಗ್ಗುತ್ತೆ. ಸೇಫ್ಟಿ ವಾಲ್ವ್ ಕೆರೆಗೆ ಕೋಡಿ ಇದ್ದಂಗೆ. ಕೋಡಿ ಮುಚ್ಚಿದ್ರೆ ಏರಿ ಒಡೀತದೆ, ಇದು ನಮ್ಮೂರ ಮಕ್ಕಳಿಗೂ ಗೊತ್ತು. "ಇಷ್ಟು ದಿನ ಏನೂ ಆಗಿಲ್ಲ" ಅಂತೀರಾ? ಗಾಳಿ ಜತೆ ಬಂದ ನೀರು ಟ್ಯಾಂಕಿನ ತಳದಲ್ಲಿ ನಿಂತು ಒಳಗಿಂದಲೇ ತುಕ್ಕು ತಿನ್ನುತ್ತೆ. ನಿನ್ನೆ ತಡೆದ ಟ್ಯಾಂಕು ಇವತ್ತು ತಡೀಬೇಕು ಅಂತೇನಿಲ್ಲ. ಹಳೇ 1948ರ ಕಾರ್ಖಾನೆ ಕಾಯ್ದೆಯ 31ನೇ ಕಲಂನಲ್ಲೇ ಪ್ರೆಶರ್ ಮಿತಿ ಮೀರದಂಗೆ ನೋಡ್ಕಬೇಕು ಅಂತ ಬರೆದಿದ್ರು. ಸಣ್ಣ ಶೆಡ್ಡಿಗೆ ಕಾಯ್ದೆ ಬರದೇ ಇರಬಹುದು, ಸಾವು ಬರುತ್ತೆ.

ಇನ್ನೊಂದು. ಬೋರಿಗೆ ಹಾಕಿ ಉಳಿದ ಪಿವಿಸಿ ಪೈಪನ್ನ ಗಾಳಿಗೆ ಹಾಕಬೇಡಿ. ನೀರಿಗಾದ್ರೆ ಬಿರುಕು ಬಿಟ್ಟು ಸೋರುತ್ತೆ, ಗಾಳಿಗಾದ್ರೆ ಚೂರುಚೂರಾಗಿ ಸಿಡಿಯುತ್ತೆ. ಕಬ್ಬಿಣದ ಜಿಐ ಪೈಪೇ ಹಾಕಿ.

ಕೂಡಿಸಲೇಬೇಕಾ? ಎರಡನ್ನೂ ಸಣ್ಣದರ ಮಿತಿಗೇ, ಅಂದ್ರೆ 8 ಕೆಜಿಗೇ ನಿಲ್ಲೋ ಹಂಗೆ ಮೆಕ್ಯಾನಿಕ್ ಕೈಲಿ ಸ್ವಿಚ್ ಮಾಡಿಸಿ. ಒಂದೊಂದು ಟ್ಯಾಂಕಿಗೂ ಅದರದ್ದೇ ಸೇಫ್ಟಿ ವಾಲ್ವ್, ಆ ವಾಲ್ವಿಗೂ ಟ್ಯಾಂಕಿಗೂ ನಡುವೆ ನಲ್ಲಿ ಹಾಕಬಾರದು. ಗಾಳಿ ವಾಪಸ್ ಹೋಗದಂಗೆ ಎರಡರ ಬಾಯಿಗೂ ನಾನ್ ರಿಟರ್ನ್ ವಾಲ್ವ್ ಇರಲಿ. ಮೋಟರ್ ಸ್ಟಾರ್ಟ್ ಆಗುವಾಗ ಕರೆಂಟ್ ಐದಾರು ಪಟ್ಟು ಎಳೆಯುತ್ತೆ, ಹಂಗಾಗಿ ಬೇರೆ ಬೇರೆ ಸ್ಟಾರ್ಟರ್ ಇಡಿ. ಒಂದು 6 ಕೆಜಿಗೆ ಶುರುವಾದ್ರೆ ಇನ್ನೊಂದು 5ಕ್ಕೆ ಶುರುವಾಗಲಿ. ದಿನಾ ಸಂಜೆ ತಳದ ನಲ್ಲಿ ಬಿಚ್ಚಿ ನೀರು ಬಿಡಿ.

ತಪ್ಪು ಶೆಡ್‌ನೋರದ್ದೊಂದೇ ಅಲ್ಲ ಕಣ್ರಪ್ಪಾ. ಲೋಡ್ ನಿಂತದೆ ಬೇಗ ಮಾಡು ಅಂತ ತಲೆ ಮೇಲೆ ಕೂರೋರು ನಾವೇ, ಹತ್ತು ರೂಪಾಯಿಗೆ ಚೌಕಾಸಿ ಮಾಡೋರೂ ನಾವೇ. ಆವತ್ತು ನಾನು ತಂತಿ ಬಿಚ್ಚೋವರೆಗೂ ಚಕ್ರ ಮುಟ್ಟಿಸಲಿಲ್ಲ. ಅವನು ಗೊಣಗಿಕೊಂಡೇ ಬಿಚ್ಚಿದ. ನೀವೂ ಹಂಗೇ ನಿಂತ್ಕಳಿ. ಆ ಹುಡುಗನೂ ನಮ್ಮಂಥ ರೈತನ ಮನೆಯೋನೇ.