ಕಪ್ಪಿಗೆ ಕಾಸಿದೆ, ಮಂಡಿಗೆ ಯಾಕಿಲ್ಲ?

ಹೊನಲು ಬೆಳಕಿನ ಕಬಡ್ಡಿ ಎಂದರೆ ನಮ್ಮ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆ ಹಬ್ಬವೇ ಸರಿ. ಹುಡುಗರು ರಶೀದಿ ಪುಸ್ತಕ ಹಿಡಿದು ಅಂಗಡಿಗೆ ಬರುತ್ತಾರೆ, ನೀವೂ ಕೊಡುತ್ತೀರಿ. ಕಪ್ಪಿಗಾಯಿತು, ಶಾಮಿಯಾನಕ್ಕಾಯಿತು, ಮೈಕಿಗಾಯಿತು, ಗಣ್ಯರ ಹಾರಕ್ಕೂ ಆಯಿತು. ಆಟದಲ್ಲಿ ಮಂಡಿ ಕಳಕೊಂಡವನಿಗೆ? ಏನೂ ಇಲ್ಲ!

ರೈಡಿಗೆ ಹೋದವನು ಓಡುತ್ತಲೇ ಗಕ್ಕನೆ ತಿರುಗುತ್ತಾನೆ. ಮೈ ತಿರುಗಿತು, ಪಾದ ತಿರುಗಲಿಲ್ಲ. ಒಳಗೆ ಟಪ್ ಎಂದಿತು. ಇದಕ್ಕೆ ಯಾರೂ ಮೇಲೆ ಬೀಳಬೇಕಾಗಿಲ್ಲ. ಗಂಟೆ ಎರಡರಲ್ಲಿ ಮಂಡಿ ಊದಿಕೊಳ್ಳುತ್ತದೆ. ತೊಡೆಮೂಳೆ, ಕಾಲ್ಮೂಳೆ ಎರಡನ್ನೂ ಹಗ್ಗದಂತೆ ಬಿಗಿದಿಟ್ಟ ಅಸ್ಥಿರಜ್ಜು, ಡಾಕ್ಟರು ಎ.ಸಿ.ಎಲ್. ಅನ್ನೋದು, ಹರಿದಿರುತ್ತದೆ. ಎಕ್ಸ್‌-ರೇ ತೆಗೆಸಿದರೆ 'ಮೂಳೆ ಮುರಿದಿಲ್ಲ' ಅಂತ ಬರುತ್ತೆ, ಮನೆಯವರು ದೇವರಿಗೆ ಕೈಮುಗೀತಾರೆ. ಎಕ್ಸ್‌-ರೇನಲ್ಲಿ ಮೂಳೆ ಕಾಣುತ್ತದೆಯೇ ಹೊರತು ಈ ಹಗ್ಗ ಕಾಣುವುದಿಲ್ಲ ಸ್ವಾಮಿ! ಅದಕ್ಕೆ ಮಂಡಿ ಹಿಡಿದು ನೋಡಬಲ್ಲ ಡಾಕ್ಟರು ಬೇಕು, ಎಂ.ಆರ್.ಐ. ಬೇಕು. ನಮ್ಮಲ್ಲಿ ಎಣ್ಣೆ ಹಚ್ಚಿ ನೀವಿಸೋದು, ಕಟ್ಟು ಕಟ್ಟಿಸೋದು. ಎರಡು ಮೂರು ವಾರಕ್ಕೆ ಊತ ಇಳಿದು ಹುಡುಗ ಸಲೀಸಾಗಿ ನಡೆಯುತ್ತಾನೆ. ಅಷ್ಟರಲ್ಲಿ ಮುಂದಿನ ಟೂರ್ನಮೆಂಟು. "ಬಾರೋ ಮಗಾ, ನೀನಿಲ್ದೆ ಟೀಮೆಲ್ಲಿ?" ನಿಜವಾದ ಅನಾಹುತ ಇಲ್ಲೇ. ಸಡಿಲ ಮಂಡಿ ತಿರುಗುವಾಗ ಜಾರಿ, ಮೂಳೆಗಳ ನಡುವಿನ ಮೆತ್ತೆಯೂ ಹರಿಯುತ್ತದೆ. ವಯಸ್ಸಿಗೆ ಮುಂಚೆಯೇ ಮಂಡಿ ಸವೆಯುತ್ತದೆ.

ಕ್ರಿಕೆಟಿಗ ರಿಷಭ್ ಪಂತ್ ಅವರ ಕಾರು ಅಪಘಾತ ಆದದ್ದು 2022ರ ಡಿಸೆಂಬರ್ 30ಕ್ಕೆ. ಮಂಡಿಯ ಅಸ್ಥಿರಜ್ಜು ಹರಿದು ಆಪರೇಷನ್ ಆಯಿತು. ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ತಿಂಗಳುಗಟ್ಟಲೆ ಕಾಲು ಪಳಗಿಸಿ ಅವರು ಪಂದ್ಯಕ್ಕಿಳಿದದ್ದು 2024ರ ಮಾರ್ಚಿನಲ್ಲಿ. ಹೆಚ್ಚೂಕಡಿಮೆ 15 ತಿಂಗಳು! ಅವರದು ದೊಡ್ಡ ಪೆಟ್ಟು, ಸರಿ. ಆದರೆ ಕಬಡ್ಡಿ ಹುಡುಗನಿಗೆ ಆಪರೇಷನ್ ಆದರೂ 9 ತಿಂಗಳಾದರೂ ಕಾಯಬೇಕು, ಮುಂಚೆ ಇಳಿದರೆ ಮತ್ತೆ ಹರಿಯುವ ಅಪಾಯ ಹೆಚ್ಚು ಎನ್ನುತ್ತಾರೆ ತಜ್ಞರು. ಅಷ್ಟು ತಿಂಗಳೂ ಬಿಡದೆ ವ್ಯಾಯಾಮ ಮಾಡಿಸುವವರು ಬೇಕು. ಪಂತ್ ಅವರಿಗೆ ಇದ್ದರು. ನಮ್ಮವನು ಕೂಲಿ ಬಿಟ್ಟು ಬೆಂಗಳೂರಿಗೆ ಓಡಾಡಬೇಕು. ಮಾಗಡಿ, ಕನಕಪುರಕ್ಕೆ ರೈಲೂ ಇಲ್ಲ. ರಶ್ ಬಸ್ಸಿನಲ್ಲಿ ನೋವಿನ ಕಾಲಲ್ಲಿ ನಿಂತು ಹೋಗುವವನ ಪಾಡನ್ನು ದಿನಾ ಬಸ್ಸಲ್ಲಿ ಓಡಾಡುವ ನಿಮಗೆ ಬಿಡಿಸಿ ಹೇಳಬೇಕೆ?

ಮುಂದಿನ ಸಲ ರಶೀದಿ ಪುಸ್ತಕ ಬಂದಾಗ ಕೇಳಿ: "ಏನ್ರಪ್ಪಾ, ಮಂಡಿ ಹೋದವನಿಗೆ ಎಷ್ಟಿಟ್ಟಿದ್ದೀರಿ?" ಕಪ್ಪು ಒಂದಡಿ ಗಿಡ್ಡವಾಗಲಿ, ಆ ದುಡ್ಡಿನಲ್ಲಿ ಐಸು, ಸ್ಟ್ರೆಚರು, ಸ್ಕ್ಯಾನಿಂಗ್ ಖರ್ಚು ನಡೆಯಲಿ. ಒಮ್ಮೆ ಮಂಡಿ ಊದಿದವನನ್ನು ಡಾಕ್ಟರ ಚೀಟಿ ಇಲ್ಲದೆ ಅಂಕಣಕ್ಕೆ ಬಿಡಕೂಡದು. ನಾಲ್ಕೂ ತಾಲ್ಲೂಕು ಆಸ್ಪತ್ರೆಗಳಲ್ಲಿ ವಾರಕ್ಕೆರಡು ಸಂಜೆ ಆಟಗಾರರಿಗೇ ಫಿಸಿಯೋಥೆರಪಿ ನಡೆಯಲಿ. ಉದ್ಘಾಟನೆಗೆ ಶಾಸಕರು ಬರುತ್ತಾರಲ್ಲ, ಹಾರ ಹಾಕುವ ಮುಂಚೆ ಈ ಅರ್ಜಿ ಕೈಗಿಡಿ.