ನಕ್ಷೆಯ ಮೇಲಿನ ಹಸಿರು ಗೆರೆಗಳು

ಮಗನೋ ಮಗಳೋ ಮ್ಯಾಂಚೆಸ್ಟರಿನಲ್ಲಿ ಅಥವಾ ಶೆಫೀಲ್ಡಿನಲ್ಲಿ ಉನ್ನತ ವ್ಯಾಸಂಗಕ್ಕೆ ಸೇರಿದರೆ, ಒಮ್ಮೆ ಹೋಗಿ ನೋಡಿ ಬರಬೇಕೆಂಬ ಆಸೆ ಹೆತ್ತವರಲ್ಲಿ ಮೂಡುವುದು ಸಹಜ. ಹೋದ ಮೇಲೆ ಎರಡು ಮೂರು ದಿನ ಎಲ್ಲಾದರೂ ಸುತ್ತಾಡೋಣವೆಂಬ ಮಾತೂ ಬರುತ್ತದೆ. ಇಂಗ್ಲೆಂಡಿನ ಹಳ್ಳಿಗಾಡನ್ನು ನೋಡಬಯಸುವವರು ಸಾಮಾನ್ಯವಾಗಿ ಮೊದಲು ಹುಡುಕುವುದು ಹೋಟೆಲನ್ನು, ಆಮೇಲೆ ಬಾಡಿಗೆಯ ಕಾರನ್ನು. ಇವೆರಡಕ್ಕೂ ಮುನ್ನ ಕೊಳ್ಳಬೇಕಾದುದು ಒಂದು ನಕ್ಷೆ.

ಅಲ್ಲಿನ ಸರಕಾರಿ ಮೋಜಣಿ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯು ಎಕ್ಸ್‌ಪ್ಲೋರರ್ ಎಂಬ ಮಾಲೆಯಲ್ಲಿ ನಕ್ಷೆಗಳನ್ನು ಪ್ರಕಟಿಸುತ್ತದೆ. ನೆಲದ ಮೇಲಿನ ಒಂದು ಕಿಲೋಮೀಟರು ಅದರಲ್ಲಿ 4 ಸೆಂಟಿಮೀಟರು. ಹೊಲದ ಬೇಲಿ, ತೋಡು, ಒಂಟಿ ಮನೆ ಯಾವುದೂ ತಪ್ಪಿಹೋಗಿಲ್ಲ. ಇವುಗಳ ನಡುವೆ ಹಸಿರು ಬಣ್ಣದ ತುಂಡುಗೆರೆಗಳು ಹರಿದಾಡುತ್ತವೆ. ಗಿಡ್ಡ ತುಂಡುಗಳದ್ದು ಕಾಲುದಾರಿ. ಉದ್ದ ತುಂಡುಗಳದ್ದು ಕುದುರೆ ಸವಾರರೂ ಹೋಗಬಹುದಾದ ದಾರಿ. ಈ ಗೆರೆ ಯಾರದೋ ಗೋಧಿಯ ಗದ್ದೆಯನ್ನು ಸೀಳಿಕೊಂಡು ಹೋಗಿರಬಹುದು, ಯಾರದೋ ಕೊಟ್ಟಿಗೆಯ ಅಂಗಳವನ್ನೇ ಹಾದಿರಬಹುದು. ಅಪರಿಚಿತನೊಬ್ಬನು ಅನುಮತಿ ಕೇಳದೆ ಅದರ ಮೇಲೆ ನಡೆಯಬಹುದು. ಮಣ್ಣು ಒಡೆಯನದ್ದು, ನಡೆಯುವ ಹಕ್ಕು ಸಾರ್ವಜನಿಕರದ್ದು. ದಾರಿ ಹಾದುಹೋಗುವ ಹೊಲವನ್ನು ಉತ್ತ ರೈತನು ಸಾಮಾನ್ಯವಾಗಿ 14 ದಿನಗಳೊಳಗೆ ಅದನ್ನು ಮತ್ತೆ ನಡೆಯಲು ಯೋಗ್ಯವಾಗಿಸಿ ಕೊಡಬೇಕೆಂದು ಕಾನೂನಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಇಂತಹ ದಾರಿಗಳ ಒಟ್ಟು ಉದ್ದ ಸುಮಾರು 2,25,000 ಕಿಲೋಮೀಟರು.

ಸಾರ್ವಜನಿಕರು 20 ವರ್ಷ ಅಡೆತಡೆಯಿಲ್ಲದೆ, ಹಕ್ಕಿನಿಂದಲೆಂಬಂತೆ ಬಳಸಿದ ದಾರಿಯನ್ನು ಒಡೆಯನೇ ಸಾರ್ವಜನಿಕರಿಗೆ ಬಿಟ್ಟುಕೊಟ್ಟನೆಂದು ಅಲ್ಲಿನ 1980ರ ಹೆದ್ದಾರಿ ಕಾಯಿದೆ ಭಾವಿಸುತ್ತದೆ. ತೋಟದ ಬದುವಿನ ದಾರಿಗಾಗಿ ತಲೆಮಾರುಗಟ್ಟಲೆ ವ್ಯಾಜ್ಯ ನಡೆಸಿದ ಊರುಗಳ ಓದುಗರಿಗೆ ಈ ಇಪ್ಪತ್ತು ವರ್ಷದ ಲೆಕ್ಕ ಹೊಸದೇನಲ್ಲ. ನಮ್ಮ 1882ರ ಈಸ್‌ಮೆಂಟ್ ಕಾಯಿದೆಯಲ್ಲಿಯೂ ಅವಧಿ ಅಷ್ಟೇ. ನೆರೆಮನೆಯವನ ಜಾಗದ ಮೂಲಕ ಹಾದುಹೋಗುವ ಹಕ್ಕನ್ನು ಇಲ್ಲಿ ಒಬ್ಬೊಬ್ಬನೇ ನ್ಯಾಯಾಲಯದಲ್ಲಿ ಸಾಧಿಸಬೇಕು. ಅಲ್ಲಿಯಾದರೋ ದಾರಿಯು ಸ್ಥಳೀಯಾಡಳಿತದ ಅಧಿಕೃತ ನಕ್ಷೆಗೆ ಸೇರಿತೆಂದರೆ, ಆ ನಕ್ಷೆಯೇ ನಿರ್ಣಾಯಕ ಸಾಕ್ಷ್ಯ.

ಮೂರು ದಿನಗಳ ಪ್ರವಾಸಕ್ಕೆ ಪೀಕ್ ಡಿಸ್ಟ್ರಿಕ್ಟ್ ಯೋಗ್ಯವಾದ ಪ್ರದೇಶ. 1951ರಲ್ಲಿ ಘೋಷಿತವಾದ ಇದು ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನ. ಕಾರಿನ ಅಗತ್ಯವಿಲ್ಲ. ಮ್ಯಾಂಚೆಸ್ಟರಿನಿಂದ ಶೆಫೀಲ್ಡಿಗೆ ಹೋಗುವ ಹೋಪ್ ಕಣಿವೆಯ ರೈಲಿನಲ್ಲಿ ಮುಕ್ಕಾಲು ಗಂಟೆಯ ಪ್ರಯಾಣ ಮಾಡಿದರೆ ಈಡೇಲ್ ಎಂಬ ಹಳ್ಳಿ ಸಿಗುತ್ತದೆ. ಮೇ, ಜೂನ್ ತಿಂಗಳುಗಳು ಪ್ರಶಸ್ತ. ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು. ಶನಿವಾರದ ವಸತಿ ದುಬಾರಿ, ಎರಡು ರಾತ್ರಿ ಉಳಿಯಲೇಬೇಕೆಂಬ ಷರತ್ತನ್ನು ಹಾಕುವವರೂ ಉಂಟು. ಆದುದರಿಂದ ಸೋಮವಾರ ಹೊರಡುವುದು ಜಾಣತನ. ಮಳೆಯಂಗಿ ಮತ್ತು ಜಾರದ ಪಾದರಕ್ಷೆ ಯಾವ ತಿಂಗಳಾದರೂ ಬೇಕೇ ಬೇಕು.

ಮೊದಲ ದಿನ ಈಡೇಲಿನಲ್ಲಿ ವಿಶ್ರಾಂತಿ. 268 ಮೈಲು ಉದ್ದದ ಪೆನೈನ್ ವೇ ಎಂಬ ಕಾಲ್ದಾರಿ ಆರಂಭವಾಗುವುದು ಈ ಹಳ್ಳಿಯಿಂದಲೇ. ಎರಡನೆಯ ದಿನ ಹಾಲಿನ್ಸ್ ಕ್ರಾಸ್ ಎಂಬ ಕಣಿವೆದಾರಿಯಾಗಿ ಬೆಟ್ಟದ ಏಣನ್ನೇರಿ, 517 ಮೀಟರು ಎತ್ತರದ ಮ್ಯಾಮ್ ಟಾರ್ ಶಿಖರವನ್ನು ನೋಡಿ, ಆಚೆಗಿನ ಕ್ಯಾಸಲ್‌ಟನ್ನಿಗೆ ಇಳಿಯಬಹುದು. ಮ್ಯಾಮ್ ಟಾರಿನ ಪಾರ್ಶ್ವ ಇಂದಿಗೂ ಮೆಲ್ಲಮೆಲ್ಲನೆ ಜರಿಯುತ್ತಿದೆ. ಅದರ ಬುಡದಲ್ಲಿದ್ದ ಹೆದ್ದಾರಿಯನ್ನು ದುರಸ್ತಿ ಮಾಡಿ ಮಾಡಿ ಬೇಸತ್ತು 1979ರಲ್ಲಿ ಮುಚ್ಚಿಬಿಟ್ಟರು. ಮುರಿದು ಮಡಚಿದ ಡಾಂಬರಿನ ಪದರಗಳ ಮೇಲೆ ಈಗ ಜನರು ಅಡ್ಡಾಡುತ್ತಾರೆ. ಯಾವ ಅರಮನೆಗಿಂತಲೂ ಮಕ್ಕಳ ನೆನಪಿನಲ್ಲಿ ಉಳಿಯುವ ನೋಟವಿದು. ಕ್ಯಾಸಲ್‌ಟನ್ನಿನಲ್ಲಿ ಕೋಟೆಯೂ ಗುಹೆಗಳೂ ಇವೆ, ಸಮಯವಿದ್ದರೆ ನೋಡಬಹುದು.

ಈಡೇಲಿನ ಬೆನ್ನಿಗಿರುವ ಕಿಂಡರ್ ಸ್ಕೌಟ್, 636 ಮೀಟರು ಎತ್ತರದ ಜೌಗು ಪ್ರಸ್ಥಭೂಮಿ. ಮಂಜು ಕವಿದರೆ ದಿಕ್ಕು ತಪ್ಪುವುದು ನಿಶ್ಚಿತವಾದುದರಿಂದ ಅನುಭವವಿಲ್ಲದವರು ಕೆಳಗಿನಿಂದಲೇ ನೋಡಿ ತೃಪ್ತರಾಗುವುದು ಲೇಸು. ಒಂದು ಕಾಲದಲ್ಲಿ ಇದು ಸಿರಿವಂತರು ಗ್ರೌಸ್ ಹಕ್ಕಿಗಳನ್ನು ಬೇಟೆಯಾಡುವ ತಾಣವಾಗಿತ್ತು. ಸುತ್ತಲಿನ ಗಿರಣಿ ಪಟ್ಟಣಗಳ ಕಾರ್ಮಿಕರಿಗೆ ಅಲ್ಲಿ ಪ್ರವೇಶವಿರಲಿಲ್ಲ. 1932ರ ಏಪ್ರಿಲ್ 24ರ ಭಾನುವಾರ ಬೆನ್ನಿ ರಾಥ್‌ಮನ್ ಎಂಬ ಇಪ್ಪತ್ತರ ತರುಣನ ಮುಂದಾಳುತನದಲ್ಲಿ ಕೆಲವು ನೂರು ಮಂದಿ ಹೇಫೀಲ್ಡ್ ಕಡೆಯಿಂದ ಬೆಟ್ಟವೇರಿದರು. ಕಾವಲುಗಾರರೊಡನೆ ತಳ್ಳಾಟವಾಯಿತು. ಐವರಿಗೆ ಎರಡರಿಂದ ಆರು ತಿಂಗಳ ಸಜೆಯಾಯಿತು. ರಾಥ್‌ಮನ್ನನಿಗೆ ನಾಲ್ಕು ತಿಂಗಳು. ಇಲ್ಲೊಂದು ಕಾನೂನಿನ ಸೂಕ್ಷ್ಮವಿದೆ. ಪರರ ನೆಲವನ್ನು ತುಳಿದುದು ಸಿವಿಲ್ ತಪ್ಪೇ ಹೊರತು ಅಪರಾಧವಾಗಿರಲಿಲ್ಲ. ಆದುದರಿಂದ ಆರೋಪಗಳು ಗಲಭೆಯ ಮತ್ತು ಹಲ್ಲೆಯ ಹೆಸರಿನಲ್ಲಿ ಬಂದವು.

ಆ ಒಂದು ದಿನದಿಂದಲೇ ಕಾನೂನು ಬದಲಾಯಿತೆಂದರೆ ಅತಿಶಯೋಕ್ತಿಯಾದೀತು. ದಶಕಗಳ ಕಾಲ ಅರ್ಜಿ ಬರೆದ, ಮಸೂದೆಗಳಿಗಾಗಿ ಓಡಾಡಿದ ಪಾದಚಾರಿ ಸಂಘಗಳ ತಾಳ್ಮೆಯ ಪಾಲೂ ದೊಡ್ಡದು. ಅವುಗಳಲ್ಲಿ ಹಲವು ರಾಥ್‌ಮನ್ನನ ಕ್ರಮವನ್ನು ಒಪ್ಪಿರಲಿಲ್ಲ. 1949ರ ಕಾಯಿದೆಯು ದಾರಿಗಳನ್ನು ನಕ್ಷೆಯಲ್ಲಿ ದಾಖಲಿಸುವ ಏರ್ಪಾಡು ಮಾಡಿತು. ಬೆಟ್ಟ, ಪಾಳುಬಯಲುಗಳಲ್ಲಿ ದಾರಿ ಬಿಟ್ಟೂ ಅಲೆಯುವ ಹಕ್ಕು ದೊರೆತದ್ದು 2000ದ ಕಾಯಿದೆಯಿಂದ, ಅದೂ ಇಂಗ್ಲೆಂಡಿನ ಸುಮಾರು ಶೇಕಡಾ 8ರಷ್ಟು ನೆಲದಲ್ಲಿ ಮಾತ್ರ. ನಕ್ಷೆಯಲ್ಲಿ ತಿಳಿಹಳದಿ ಬಳಿದಿರುವುದು ಆ ಜಾಗಗಳಿಗೆ. 2002ರಲ್ಲಿ, ಘಟನೆಯ ಎಪ್ಪತ್ತನೆಯ ವರ್ಷ, ಡೆವನ್‌ಶೈರಿನ ಡ್ಯೂಕರು ತಮ್ಮ ಅಜ್ಜನ ಕಾಲದ ನಡೆಗಾಗಿ ಬಹಿರಂಗವಾಗಿ ಕ್ಷಮೆ ಕೋರಿದರು. ರಾಥ್‌ಮನ್ ಅದೇ ವರ್ಷದ ಜನವರಿಯಲ್ಲಿ ತೀರಿಕೊಂಡಿದ್ದರು.

ಮೂರನೆಯ ದಿನ ಮ್ಯಾಂಚೆಸ್ಟರಿಗೆ ಮರಳುವಾಗ ನ್ಯೂ ಮಿಲ್ಸ್ ಸೆಂಟ್ರಲ್ ನಿಲ್ದಾಣದಲ್ಲಿ ಇಳಿದುಕೊಳ್ಳಬೇಕು. ಅಲ್ಲಿಂದ ಹೇಫೀಲ್ಡಿಗೆ ಇದ್ದ ಹಳೆಯ ರೈಲುಮಾರ್ಗದ ಹಳಿಗಳನ್ನು ಕಿತ್ತು ನಡಿಗೆಯ ದಾರಿಯನ್ನಾಗಿ ಮಾಡಿದ್ದಾರೆ. ಉದ್ದ ನಾಲ್ಕು ಕಿಲೋಮೀಟರು, ಏರಿಳಿತ ಕಡಿಮೆ. ಮಂಡಿನೋವಿನ ಹಿರಿಯರೂ ನಿಧಾನವಾಗಿ ನಡೆಯಬಹುದು. ಹೇಫೀಲ್ಡ್ ದಾಟಿ ತುಸು ದೂರ ಹೋದರೆ ಬೌಡನ್ ಬ್ರಿಜ್ ಎಂಬಲ್ಲಿ ಹಳೆಯ ಕಲ್ಲಿನ ಕೋರೆ ಇದೆ. ಅಂದಿನ ಗುಂಪು ಸೇರಿದ್ದು ಅಲ್ಲಿಯೇ. ಈಗ ಅದು ವಾಹನ ನಿಲುಗಡೆಯ ಸ್ಥಳ; ಬಂಡೆಗೆ ಒಂದು ಫಲಕವನ್ನು ಜಡಿದಿದ್ದಾರೆ.